ಗಿಡಕ್ಕೆ ನೀರು ಅವಸರ: ಭಾಷೆ ಕಲಿಯುವವರ ಬರಹವನ್ನು ಓದುವ ಬಗ್ಗೆ

ಬೋಧನಾಭ್ಯಾಸದ ದಿನಗಳಲ್ಲಿ ನನ್ನ ಚೀಲದಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ಒಂದು, ನಾವೆಲ್ಲ ಪ್ರಶಿಕ್ಷಣಾರ್ಥಿಗಳು ಬರೆಯಲೇಬೇಕಾದ ದಿನಚರಿ. ದಿನಾಂಕ, ತರಗತಿ, ಘಟಕ, ಬಳಸಿದ ಬೋಧನೋಪಕರಣ, ಸಾಧಿಸಿದ ಉದ್ದೇಶ, ಕೊನೆಗೆ ಸಹಿ. ಅದರಲ್ಲಿ ಒಂದು ಚಿತ್ತೂ ಇಲ್ಲ. ಇನ್ನೊಂದು, ಬಂಗಾರಪೇಟೆಯ ಬಸ್ ನಿಲ್ದಾಣದ ಹತ್ತಿರ ಕೊಂಡ ನೂರು ಪುಟದ ಸಾಮಾನ್ಯ ನೋಟ್‌ಬುಕ್. ಅದರ ತುಂಬ ಚಿತ್ತು, ಬಾಣದ ಗುರುತು, ಅಂಚಿನಲ್ಲಿ ಬೇರೆಬೇರೆ ಕೈಬರಹ. ಮೊದಲನೆಯದನ್ನು ಬರೆದ ನಾನೇ ಎರಡನೇ ಸಲ ತೆರೆದು ಓದಿಲ್ಲ. ಎರಡನೆಯದನ್ನು ಒಂಬತ್ತನೇ ತರಗತಿಯ ಮಕ್ಕಳು ಊಟದ ಬಿಡುವಿನಲ್ಲಿ ಕಿತ್ತಾಡಿಕೊಂಡು ಓದಿದರು. ಎರಡನ್ನೂ ಬರೆದವಳು ನಾನೇ, ಅದೇ ವಾರಗಳಲ್ಲಿ, ಅದೇ ಶಾಲೆಯ ಬಗ್ಗೆ. ಹಾಗಾದರೆ ಒಂದು ಓದಿಸಿಕೊಂಡಿತು, ಇನ್ನೊಂದು ಓದಿಸಿಕೊಳ್ಳಲಿಲ್ಲ, ಏಕೆ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು. ಉತ್ತರ ಸಿಕ್ಕಿದ್ದು ಮಾತ್ರ ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದ.

ನನ್ನ ಮನೆಮಾತು ತಮಿಳು. ತಾತ ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರು. ನಮ್ಮದು ಗಣಿ ಕಾರ್ಮಿಕರ ಲೈನ್ ಮನೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ನಾನಿನ್ನೂ ಮಗು. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ನನಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯಲ್ಲಿ ಬೇಕಾದಷ್ಟು ಬರುತ್ತಿತ್ತು. ಅಂದರೆ ಬರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಬಿ.ಎಸ್ಸಿ. ಪಾಠಗಳನ್ನು ಇಂಗ್ಲಿಷಿನಲ್ಲಿ ಕಲಿತವಳು ಭೌತಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಬೇಕಾಗಿ ಬಂದಾಗ ಬಣ್ಣ ಬಯಲಾಯಿತು. ನನಗೆ ಸಿಕ್ಕ ಶಾಲೆ ಬೂದಿಕೋಟೆ ಕಡೆಯ ಒಂದು ಪ್ರೌಢಶಾಲೆ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಈ ಸೀಮೆಯಲ್ಲಿ ಒಂದೇ ಬೆಂಚಿನ ಮೇಲೆ ತೆಲುಗು, ತಮಿಳು, ಉರ್ದು, ಕನ್ನಡ ಮನೆಮಾತಿನ ಮಕ್ಕಳು ಅಂಟಿಕೊಂಡು ಕೂತಿರುತ್ತಾರೆ. ಗಂಟೆ ಹೊಡೆದ ಮೇಲೆ ಯಾವ ಮಗು ಯಾವ ಭಾಷೆಯಲ್ಲಿ ಬೈದಾಡುತ್ತದೆ ಎಂದು ಹೇಳಲಾಗದು.

ಹಾಗಾಗಿ ನಾನು ಆ ಎರಡನೇ ನೋಟ್‌ಬುಕ್ ಶುರು ಮಾಡಿದೆ. ಮೊದಲ ಆರೇಳು ಪುಟ ಬರೀ ಪಟ್ಟಿ. ಜವ, ವೇಗ, ವೇಗೋತ್ಕರ್ಷ, ಘರ್ಷಣೆ, ಸಾಂದ್ರತೆ. ಪ್ರತಿಯೊಂದರ ಎದುರಿಗೆ ಇಂಗ್ಲಿಷ್ ಪದ. ತಮಿಳು ಬರವಣಿಗೆಯಲ್ಲಿ ಮಹಾಪ್ರಾಣವಿಲ್ಲದ ಕಾರಣ ನನ್ನ ಕೈಯಲ್ಲಿ ಘರ್ಷಣೆ ಗರ್ಷಣೆಯಾಗುತ್ತಿತ್ತು, ಘನ ಗನವಾಗುತ್ತಿತ್ತು. ಅವನ್ನು ಹತ್ತು ಹತ್ತು ಸಲ ಬರೆದು ತಿದ್ದಿಕೊಂಡೆ. ಇದೆಲ್ಲ ಉಪಯೋಗಕ್ಕೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಆ ಪುಟಗಳನ್ನು ಯಾರೂ ಓದಲಿಲ್ಲ, ಓದಬೇಕಾದ ಕಾರಣವೂ ಇರಲಿಲ್ಲ. ಅದೇ ಪಟ್ಟಿ ಪಠ್ಯಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿದೆ.

ಓದಿಸಿಕೊಂಡ ಮೊದಲ ಪುಟ ಒಂದು ಅವಮಾನದಿಂದ ಹುಟ್ಟಿತು. ದ್ರವ್ಯರಾಶಿ ಕಲಿಸುತ್ತಿದ್ದೆ. 'ರಾಶಿ ಎಂದರೇನು?' ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ರಾಗಿ ಬಡಿದ ಮೇಲೆ ಕಣದಲ್ಲಿ ರಾಶಿ ಮಾಡ್ತೀವಲ್ಲ ಮಿಸ್, ಅದು' ಎಂದ. ಕಣ ಎಂಬ ಪದ ನನಗೆ ಗೊತ್ತಿದ್ದದ್ದು ವಿಜ್ಞಾನದ ಪುಸ್ತಕದಿಂದ ಮಾತ್ರ. ಪರಮಾಣುವಿನೊಳಗಿನ ಕಣ, ಧೂಳಿನ ಕಣ. ನಾನು ಗಂಭೀರವಾಗಿ, 'ಕಣದಲ್ಲಿ ರಾಶಿ ಮಾಡಲು ಆಗುವುದಿಲ್ಲ, ಕಣ ಕಣ್ಣಿಗೇ ಕಾಣುವುದಿಲ್ಲ' ಎಂದೆ. ಒಂದು ಕ್ಷಣ ತರಗತಿ ಸುಮ್ಮನಾಯಿತು. ಆಮೇಲೆ ನಕ್ಕ ನಗು ಪಕ್ಕದ ಕೋಣೆಯ ಗಣಿತದ ಪಾಠವನ್ನೂ ನಿಲ್ಲಿಸಿತು.

ಆ ಸಂಜೆ ಬಸ್ಸಿನಲ್ಲಿ ಕೂತು ನಡೆದದ್ದನ್ನು ನಡೆದ ಹಾಗೆ ಬರೆದೆ. ಕಣವೆಂದರೆ ತೆನೆ ಬಡಿಯುವ ಜಾಗ ಎಂದು ಇಪ್ಪತ್ತೈದು ವರ್ಷ ಕೋಲಾರ ಜಿಲ್ಲೆಯಲ್ಲೇ ಬದುಕಿದ ನನಗೆ ಗೊತ್ತಿರಲಿಲ್ಲ. ನಮ್ಮ ತಮಿಳಿನಲ್ಲಿ ಅದು ಕಳಂ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು: ಆ ಹುಡುಗನ ಉತ್ತರ ಸರಿಯಾಗಿಯೇ ಇತ್ತು. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎನ್ನುವುದೇ ದ್ರವ್ಯರಾಶಿ. ಕಣದಲ್ಲಿ ಗುಡ್ಡೆ ಹಾಕಿದ ರಾಗಿ ಎಷ್ಟಿದೆಯೋ ಅಷ್ಟಿದೆ. ಅದನ್ನು ಚಂದ್ರನ ಮೇಲೆ ಕೊಂಡುಹೋದರೆ ತೂಕ ಕಡಿಮೆಯಾಗುತ್ತದೆ, ರಾಶಿ ಅಷ್ಟೇ ಇರುತ್ತದೆ. ನಾನು ಬಾಯಿಪಾಠ ಮಾಡಿದ್ದ ವ್ಯಾಖ್ಯೆಗಿಂತ ಅವನದು ಮೇಲಾಗಿತ್ತು, ನನಗೆ ಕೇಳಿಸಿಕೊಳ್ಳಲು ಭಾಷೆ ಸಾಲಲಿಲ್ಲ. ಇಷ್ಟನ್ನೂ ಬರೆದೆ.

ಮರುದಿನ ಆ ಪುಟವನ್ನು ತರಗತಿಯಲ್ಲಿ ಓದಿ, ಹುಡುಗನ ಉತ್ತರದಿಂದಲೇ ಪಾಠ ಮತ್ತೆ ಶುರು ಮಾಡಿದೆ. ನೋಟ್‌ಬುಕ್ ಮೇಜಿನ ಮೇಲೆ ಉಳಿಯಿತು. ಊಟದ ಬಿಡುವು ಮುಗಿಸಿ ಬಂದಾಗ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿದ್ದರು: 'ನಮ್ಮ ಮನೆಯಲ್ಲಿ ಕಳ್ಳಂ ಅಂತಾರೆ ಮಿಸ್. ಕಳ್ಳ ಅಲ್ಲ.' ತೆಲುಗು ಮನೆಯ ಮಗು. ಅದರ ಕೆಳಗೆ ಇನ್ನೊಬ್ಬರು ನಗುವ ಮುಖ ಬಿಡಿಸಿದ್ದರು. ಆಮೇಲಿನ ದಿನಗಳಲ್ಲಿ ಆ ನೋಟ್‌ಬುಕ್ ನನ್ನೊಬ್ಬಳದಾಗಿ ಉಳಿಯಲಿಲ್ಲ. ಕನ್ನಡದ ಹಾಲು, ಹುಲಿ, ಹಾವು ನಮ್ಮ ಮನೆಯಲ್ಲಿ ಪಾಲ್, ಪುಲಿ, ಪಾಂಬು. ಅವರ ಮನೆಯಲ್ಲಿ ಪಾಲು, ಪುಲಿ, ಪಾಮು. ಕನ್ನಡದ ಕಿವಿ ಮತ್ತು ಕೆರೆ ಅವರ ಮನೆಯಲ್ಲಿ ಚೆವಿ, ಚೆರುವು. ಈ ಮೂರು ಭಾಷೆಗಳ ನಡುವೆ ಸೂತ್ರದಂಥದ್ದೇನೋ ಇದೆ ಎಂದು ಮಕ್ಕಳೇ ಕಂಡುಹಿಡಿದರು. 'ಹಾಗಾದರೆ ಪಾತ್ರೆ ಯಾಕೆ ಹಾತ್ರೆ ಆಗಲಿಲ್ಲ?' ಎಂದು ಒಬ್ಬಳು ಕೇಳಿದಾಗ ನಾನು ಕನ್ನಡ ಶಿಕ್ಷಕಿಯ ಹತ್ತಿರ ಓಡಿದೆ. ಅದು ಸಂಸ್ಕೃತದಿಂದ ಬಂದ ಪದ, ನಮ್ಮ ಸೂತ್ರ ಅದಕ್ಕೆ ತಗಲುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಅದನ್ನೂ ಬರೆದೆ.

ಪಟ್ಟಿಯ ಪುಟಕ್ಕೂ ಕಣದ ಪುಟಕ್ಕೂ ಇರುವ ವ್ಯತ್ಯಾಸ ಎಲ್ಲಿದೆ ಎಂದು ಆಗ ಯೋಚಿಸಿದೆ. ಪಟ್ಟಿಯಲ್ಲಿ ಕಲಿತದ್ದು ಇದೆ, ಕಲಿಯುತ್ತಿರುವವಳು ಇಲ್ಲ. ಕಣದ ಪುಟದಲ್ಲಿ ಒಬ್ಬಳಿಗೆ ಏನೋ ಹೇಳಬೇಕಾಗಿತ್ತು, ಮಾತು ಸಿಗಲಿಲ್ಲ, ಎಡವಿದಳು, ಎಡವಿದ ಜಾಗದಲ್ಲಿ ಏನೋ ಸಿಕ್ಕಿತು. ಓದುವವರು ಆ ದಾರಿಯಲ್ಲಿ ಜೊತೆಗೆ ನಡೆಯಬಹುದು, ಬೇಕಾದರೆ ಮುಂದೆಯೂ ಹೋಗಬಹುದು. 'ಮಿಸ್‌ಗೆ ಗೊತ್ತಿಲ್ಲದ್ದು ನಮಗೆ ಗೊತ್ತು' ಎಂಬ ಸಂತೋಷ ಮಕ್ಕಳನ್ನು ಅಂಚಿನಲ್ಲಿ ಬರೆಯುವಂತೆ ಮಾಡಿತು. ಮತ್ತೊಂದು, ಒಂದು ಪುಟಕ್ಕೆ ಒಂದೇ ಮಾತು. ಇಪ್ಪತ್ತು ಪದ ಕಲಿತೆ ಎಂಬುದಕ್ಕಿಂತ ಒಂದು ಪದ ಎಲ್ಲಿ, ಯಾರ ಬಾಯಿಂದ, ಯಾವ ಪೇಚಿನಲ್ಲಿ ಸಿಕ್ಕಿತು ಎಂಬುದು ಓದುವವರ ನೆನಪಿನಲ್ಲಿ ನಿಲ್ಲುತ್ತದೆ.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕ ಒಂದು ಪುಸ್ತಕ ಈ ಯೋಚನೆಗೆ ಬೆಂಬಲ ಕೊಟ್ಟಿತು. ಪುಲಿಟ್ಜರ್ ಪ್ರಶಸ್ತಿ ಪಡೆದ ಲೇಖಕಿ ಜುಂಪಾ ಲಾಹಿರಿ 2012ರಲ್ಲಿ ಸಂಸಾರ ಸಮೇತ ರೋಮ್ ನಗರಕ್ಕೆ ಹೋದರು. ಇಂಗ್ಲಿಷಿನಲ್ಲಿ ಅಷ್ಟು ಹೆಸರು ಮಾಡಿದವರು ಅದನ್ನು ಬದಿಗಿಟ್ಟು, ಆಗಷ್ಟೇ ಕಲಿಯುತ್ತಿದ್ದ ಇಟಾಲಿಯನ್ ಭಾಷೆಯಲ್ಲೇ ತಮ್ಮ ಕಲಿಕೆಯ ಬಗ್ಗೆ ಬರೆದರು. ಆ ಪುಸ್ತಕ 2015ರಲ್ಲಿ ಬಂತು. ಅದನ್ನು ಇಂಗ್ಲಿಷಿಗೆ ತಂದವರು ಆನ್ ಗೋಲ್ಡ್‌ಸ್ಟೈನ್. ಇಂಗ್ಲಿಷ್ ಬಲ್ಲ ಲೇಖಕಿ ತಾವೇ ಅನುವಾದಿಸಲಿಲ್ಲ. ಅವರ ಇಂಗ್ಲಿಷ್ ಕಥೆಗಳ ನಯ ಇದರಲ್ಲಿಲ್ಲ. ವಾಕ್ಯಗಳು ಸಣ್ಣವು. ಜೇಬಿನ ನಿಘಂಟು, ಸಿಗದ ಪದ, ಮರೆತ ಪದ, ಅಂಗಡಿಯವರು ತಮ್ಮೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡಿದಾಗ ಆಗುವ ನೋವು, ಇವೇ ವಿಷಯ. ಆದರೂ ಕೈಬಿಡದೆ ಓದಿಸಿಕೊಳ್ಳುತ್ತದೆ. ಗೆದ್ದವರು ಗೆದ್ದ ಮೇಲೆ ಬರೆದ ಕಥೆಯಲ್ಲ ಅದು. ಇನ್ನೂ ದಾರಿಯಲ್ಲಿರುವವರು ಬರೆದದ್ದು.

ದೂರದ ರೋಮ್ ಯಾಕೆ, ಬೂದಿಕೋಟೆಯಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಇದೆ. ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳೂ ಯುನೆಸ್ಕೋವೂ ಸೇರಿ ಇಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಪ್ರಯತ್ನಕ್ಕೆ ನೆರವಾದವು. ಆಗ ನಮ್ಮ ದೇಶದಲ್ಲಿ ಹಳ್ಳಿಯ ಜನ ತಮ್ಮದೇ ರೇಡಿಯೊ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಕೊಟ್ಟ ನೀತಿ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಇಲ್ಲಿನವರು ತಾವೇ ಧ್ವನಿಮುದ್ರಿಸಿದ ಕಾರ್ಯಕ್ರಮಗಳನ್ನು ಟಿ.ವಿ. ಕೇಬಲ್ಲಿನ ಮೂಲಕ ಮನೆಮನೆಗೆ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗರು ಮಾತನಾಡಿದ್ದು. ತರಬೇತಿ ಪಡೆದ ಉದ್ಘೋಷಕರ ಧ್ವನಿ ಅದೇ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಸಿಗುತ್ತಿತ್ತು. ಹಾಗಿರುವಾಗ ಪಕ್ಕದ ಮನೆಯಾಕೆಯ ತಡವರಿಸುವ ಮಾತನ್ನು ಕೇಳುವವರು ಯಾಕೆ ಕೇಳುತ್ತಾರೆ? ಮಾತು ತಮ್ಮದೇ ಊರಿನ ನೀರಿನದು, ಬೆಳೆಯದು, ಸಾಲದ್ದು. ಆಡುವವರು ಯಾರೆಂದು ಗೊತ್ತು, ಯಾರಿಗಾಗಿ ಆಡುತ್ತಿದ್ದಾರೆಂದೂ ಗೊತ್ತು. ಕಲಿಯುವವರ ಬರಹಕ್ಕೂ ಇದೇ ಬೇಕು ಎಂದು ನನಗನಿಸುತ್ತದೆ: ಎದುರಿಗೆ ಒಬ್ಬ ಓದುಗ, ಮತ್ತು ಆ ಓದುಗನಿಗೆ ಹೇಳಲೇಬೇಕಾದ ಒಂದು ಸಂಗತಿ.

ಇಷ್ಟೆಲ್ಲ ತಿಳಿದ ನಾನು ಮುಂದಿನ ವಾರ ಮಾಡಿದ್ದನ್ನು ಈಗ ಹೇಳಬೇಕು.

ಮಕ್ಕಳ ಉತ್ಸಾಹ ನೋಡಿ ಪ್ರತಿಯೊಬ್ಬರೂ ವಾರಕ್ಕೊಂದು ಪುಟ ಬರೆಯಲಿ ಎಂದೆ. ವಿಷಯ ಅವರಿಗೆ ಬಿಟ್ಟದ್ದು. ತೆಲುಗು ಮನೆಯ ಒಬ್ಬ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ಮುಕ್ಕಾಲು ಪುಟ ಬರೆದು ತಂದಳು. ಅದರಲ್ಲಿ ಈ ಸಾಲುಗಳಿದ್ದವು: 'ನಾನ ಟೊಮೆಟೊ ಹಾಕಿದಾನೆ. ಬೋರಲ್ಲಿ ನೀರು ಕಮ್ಮಿ ಆಯಿತು. ಗಿಡಕ್ಕೆ ನೀರು ಅವಸರ. ರಾತ್ರಿ ಮೂರು ಗಂಟೆಗೆ ಕರೆಂಟು ಬರುತ್ತೆ. ನಾನ ಎದ್ದು ಹೋಗುತ್ತಾನೆ.' ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. 'ನಾನ' ಎಂಬಲ್ಲೆಲ್ಲ ಕೊಂಬು ಸೇರಿಸಿ 'ನಾನು' ಮಾಡಿದೆ. 'ಹಾಕಿದಾನೆ' ಹೊಡೆದು 'ಹಾಕಿದ್ದೇನೆ' ಮಾಡಿದೆ, 'ಹೋಗುತ್ತಾನೆ' ಹೊಡೆದು 'ಹೋಗುತ್ತೇನೆ' ಮಾಡಿದೆ. 'ಅವಸರ' ಎಂಬ ಪದದ ಸುತ್ತ ವೃತ್ತ ಎಳೆದು, 'ಗಿಡಕ್ಕೆ ಎಂಥ ಅವಸರ?' ಎಂದು ತಮಾಷೆಯಾಗಿ ಬರೆದೆ. ಒಟ್ಟು ಹನ್ನೊಂದು ಕೆಂಪು ಗುರುತು. ಕೆಳಗೆ ಸಹಿ.

ಮುಂದಿನ ವಾರ ಅವಳು ಮೂರು ಸಾಲು ಬರೆದು ತಂದಳು. 'ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ. ಗಿಡಮರಗಳು ನಮಗೆ ಆಮ್ಲಜನಕ ಕೊಡುತ್ತವೆ. ನಾವು ಪರಿಸರವನ್ನು ಕಾಪಾಡಬೇಕು.' ಒಂದೂ ತಪ್ಪಿಲ್ಲ, ಓದಲು ಏನೂ ಇಲ್ಲ. ನಾನು ಅದಕ್ಕೆ 'ಉತ್ತಮ' ಎಂದು ಬರೆದೆ. ಅದರ ಮುಂದಿನ ವಾರ ಅವಳು ಬರೆಯಲೇ ಇಲ್ಲ.

ಅವಳ ಗೆಳತಿಯೇ ಒಂದು ದಿನ ಬಿಸಿಯೂಟದ ಸಾಲಿನಲ್ಲಿ ನನಗೆ ಹೇಳಿದಳು: 'ಮಿಸ್, ಅವಳು ರಾತ್ರಿ ಹೊಲಕ್ಕೆ ಹೋಗಲ್ಲ. ಅವರ ನಾನ ಹೋಗೋದು.' ನನಗೆ ಅರ್ಥವಾಗಲಿಲ್ಲ. ತೆಲುಗಿನಲ್ಲಿ ನಾನ್ನ ಎಂದರೆ ಅಪ್ಪ. ಅಪ್ಪ ಎಂಬ ಪದ ನಮ್ಮ ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಆದ್ದರಿಂದ ನಾನು ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. ನಡುರಾತ್ರಿ ಎದ್ದು ಟೊಮೆಟೊ ತೋಟಕ್ಕೆ ಹೋಗುವ ಅಪ್ಪನನ್ನು ನಾನು ಒಂದು ಕೊಂಬು ಎಳೆದು ಅಳಿಸಿಬಿಟ್ಟಿದ್ದೆ. ಇನ್ನು ಅವಸರ. ನನ್ನ ತಮಿಳಿನಲ್ಲೂ ಕನ್ನಡದಲ್ಲೂ ಅದು ಆತುರ, ಗಡಿಬಿಡಿ. ತೆಲುಗಿನಲ್ಲಿ ಅವಸರಂ ಎಂದರೆ ಬೇಕಾದದ್ದು, ಅವಶ್ಯಕತೆ. ಗಿಡಕ್ಕೆ ನೀರು ಬೇಕು ಎಂದು ಅವಳು ಬರೆದಿದ್ದಳು. ನಾನು ನಕ್ಕಿದ್ದೆ.

ಆ ಪುಟದಲ್ಲಿ ಓದಿಸಿಕೊಳ್ಳುವ ಬರಹಕ್ಕೆ ಬೇಕಾದದ್ದೆಲ್ಲ ಇತ್ತು. ಹೇಳಲೇಬೇಕಾದ ಸಂಗತಿ ಇತ್ತು, ಜಾಗ ಇತ್ತು, ಗಂಟೆ ಇತ್ತು, ಮನುಷ್ಯ ಇದ್ದ. ಕೊರತೆ ಇದ್ದದ್ದು ಓದುಗಳದು. ಭಾಷೆ ಕಲಿಯುವವರ ಬರಹ ಆಕರ್ಷಕವಾಗಿರಬೇಕಾದರೆ ಬರೆಯುವವರು ಏನು ಮಾಡಬೇಕು ಎಂದು ನಾವು ಕೇಳುತ್ತೇವೆ. ಶಿಕ್ಷಕರಾಗುವ ನಾವು ಮೊದಲು ಕೇಳಿಕೊಳ್ಳಬೇಕಾದದ್ದು, ಅದನ್ನು ಓದುವವರು ಏನು ಮಾಡಬೇಕು ಎಂದು. ಬರೆದ ಮಗು ತನ್ನ ಪುಟದಲ್ಲಿ ಮನೆಯ ಬಾಗಿಲು ತೆರೆದಿತ್ತು. ನಾನು ಒಳಗೆ ಹೋಗದೆ ಹೊಸಿಲಿನ ರಂಗೋಲಿಯ ಚುಕ್ಕಿ ಎಣಿಸಿ ಬಂದೆ.

ಭಾಷಾ ಬೋಧನೆಯ ತರಗತಿಯಲ್ಲಿ ಪಿಟ್ ಕಾರ್ಡರ್ ಎಂಬ ವಿದ್ವಾಂಸರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಕಲಿಯುವವರ ತಪ್ಪುಗಳು ಕಸವಲ್ಲ, ಕಲಿಕೆ ಎಲ್ಲಿಗೆ ಬಂದಿದೆ ಎಂದು ತೋರಿಸುವ ಗುರುತುಗಳು ಎಂಬ ವಾದವನ್ನು ಅವರು 1967ರ ಒಂದು ಲೇಖನದಲ್ಲಿ ಮುಂದಿಟ್ಟರು. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕೂಡ ತರಗತಿಯ ಬಹುಭಾಷಿಕತೆಯನ್ನು ತೊಡಕಾಗಿ ನೋಡದೆ ಸಂಪನ್ಮೂಲವಾಗಿ ನೋಡಿ ಎನ್ನುತ್ತದೆ. ಎರಡನ್ನೂ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ನಮ್ಮ ತರಗತಿಯಲ್ಲೇ ಉರ್ದು ಮನೆಯ ಹುಡುಗನೊಬ್ಬ 'ನಿನ್ನೆ ನಾನು ಬರುತ್ತೇನೆ' ಎಂದು ಬರೆದಾಗ, ಉರ್ದುವಿನ ಕಲ್ ಎಂಬ ಒಂದೇ ಪದ ನಿನ್ನೆಗೂ ನಾಳೆಗೂ ನಡೆಯುತ್ತದೆ ಎಂದು ಗುರುತಿಸಿ ಸಂತೋಷಪಟ್ಟಿದ್ದೆ. ಆ ತಪ್ಪಿನ ಹಿಂದಿನ ತರ್ಕ ನನಗೆ ಗೊತ್ತಿತ್ತು, ಹಾಗಾಗಿ ಉದಾರಿಯಾಗಿದ್ದೆ. ಗೊತ್ತಿಲ್ಲದ ಕಡೆಯಲ್ಲೂ ತರ್ಕ ಇರಬಹುದು ಎಂದು ತಾಳ್ಮೆಯಿಂದ ಕೇಳುವುದೇ ಕಷ್ಟ. ಕನ್ನಡ ಮನೆಮಾತಿನ ಮಕ್ಕಳ ವಿಷಯದಲ್ಲೂ ಇದು ನಿಜ. 'ಐತೆ' ಎಂದು ಮಾತಾಡುವ ಮಗು 'ಇದೆ' ಎಂದು ಬರೆಯಲು ಕಲಿಯುವಾಗ ಅದೂ ಒಂದು ಹೊಸ ಭಾಷೆಯನ್ನೇ ಕಲಿಯುತ್ತಿರುತ್ತದೆ.

ಈ ವಿಷಯ ಶಿಕ್ಷಕರ ಕೊಠಡಿಯಲ್ಲಿ ಬಂದಾಗ ಹಿರಿಯ ಶಿಕ್ಷಕಿಯೊಬ್ಬರು ಒಪ್ಪಲಿಲ್ಲ. ಅವರ ಮಾತನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. 'ನೋಡಮ್ಮ, ಹತ್ತನೇ ತರಗತಿಯ ಉತ್ತರಪತ್ರಿಕೆ ನೋಡುವವರು ಈ ಮಗುವಿನ ಮನೆಗೆ ಬಂದು ನಾನ ಎಂದರೆ ಯಾರು ಎಂದು ಕೇಳುವುದಿಲ್ಲ. ಇಂದು ತಿದ್ದದಿದ್ದರೆ ತಪ್ಪು ಬೇರು ಬಿಡುತ್ತದೆ. ನಿನಗೆ ಮುದ್ದಾಗಿ ಕಾಣುವ ವಾಕ್ಯ ನಾಳೆ ಅವಳ ಅಂಕ ಕಳೆಯುತ್ತದೆ' ಎಂದರು. ಅದರಲ್ಲಿ ಸತ್ಯವಿದೆ. ನಾನೇ ಮಹಾಪ್ರಾಣಗಳನ್ನು ಹತ್ತು ಸಲ ಬರೆದು ಕಲಿತವಳು. ಯಾರೋ ಶಿಸ್ತಾಗಿ ತಿದ್ದಿದ್ದರಿಂದಲೇ ಇಂದು ಈ ಲೇಖನ ಬರೆಯುತ್ತಿದ್ದೇನೆ. ಪಕ್ಕದ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದರು. ಮನೆಮಾತು ಬೇರೆಯಾದ ಮಕ್ಕಳಿಂದ ಕಡಿಮೆ ನಿರೀಕ್ಷಿಸಿದರೆ ಅದು ದಯೆಯಾಗುವುದಿಲ್ಲ.

ಇನ್ನೊಂದು ಅಪಾಯವನ್ನು ನಾನೇ ಕಂಡೆ. ತಪ್ಪುಗಳನ್ನು ತರಗತಿಯಲ್ಲಿ ಓದಿ ನಗುವುದು ರೂಢಿಯಾದ ಮೇಲೆ, ಚೆನ್ನಾಗಿ ಕನ್ನಡ ಬರುವ ಹುಡುಗನೊಬ್ಬ ಬೇಕೆಂದೇ ತಪ್ಪು ಬರೆಯತೊಡಗಿದ. ಹಾಲನ್ನು ಪಾಲು ಎಂದ, ಪಾಠವನ್ನು ಹಾಠ ಎಂದ. ಮೊದಲ ಸಲ ಎಲ್ಲರೂ ನಕ್ಕರು, ಎರಡನೇ ಸಲ ಇಬ್ಬರು ನಕ್ಕರು, ಮೂರನೇ ಸಲ ಯಾರೂ ಓದಲಿಲ್ಲ. ಅಂದರೆ ಓದುವವರನ್ನು ಹಿಡಿದಿಡುವುದು ತಪ್ಪೇ ಆಗಿದ್ದರೆ ಅವನ ಪುಟ ಎಲ್ಲರಿಗಿಂತ ಮುಂದಿರಬೇಕಿತ್ತು. ಏನನ್ನೋ ಹೇಳಲು ಹುಡುಕುತ್ತ ಹೋದವರ ತಪ್ಪಿಗೆ ಮಾತ್ರ ರುಚಿ ಇದೆ. ಹುಡುಕಾಟವಿಲ್ಲದ ತಪ್ಪು ಉಪ್ಪಿಲ್ಲದ ಬಸ್ಸಾರು. ಹುಡುಕಾಟವಿಲ್ಲದ ಶುದ್ಧ ಬರಹವೂ ಅಷ್ಟೇ, ನನ್ನ ದಿನಚರಿಯ ಹಾಗೆ.

ಹಾಗಾಗಿ ತಿದ್ದಬೇಕೋ ಬೇಡವೋ ಎನ್ನುವುದಕ್ಕಿಂತ ಯಾವಾಗ ತಿದ್ದಬೇಕು ಎಂಬುದು ನನ್ನ ಪ್ರಶ್ನೆಯಾಯಿತು. ಉಳಿದ ವಾರಗಳಲ್ಲಿ ನಾನು ಹೀಗೆ ಮಾಡಿದೆ. ಮೊದಲ ಓದಿಗೆ ಪೆನ್ನು ಕೈಯಲ್ಲಿ ಹಿಡಿಯುವುದಿಲ್ಲ. ಓದಿ ಮುಗಿಸಿದ ಮೇಲೆ ಬರೆದ ಸಂಗತಿಯ ಬಗ್ಗೆ ಒಂದು ಪ್ರಶ್ನೆ ಬರೆಯುತ್ತೇನೆ, ನಿಜವಾಗಿ ತಿಳಿಯಬೇಕೆನಿಸಿದ ಪ್ರಶ್ನೆ. ಅರ್ಥವಾಗದ ಪದವಿದ್ದರೆ ಹೊಡೆಯುವ ಬದಲು, 'ನಿಮ್ಮ ಮನೆಯಲ್ಲಿ ಈ ಪದಕ್ಕೆ ಏನರ್ಥ?' ಎಂದು ಕೇಳುತ್ತೇನೆ. ಎರಡನೇ ಓದಿನಲ್ಲಿ ಒಂದೇ ಒಂದು ತಿದ್ದುಪಡಿ. ಬೇರೆಯವರಿಗೆ ಅರ್ಥ ತಪ್ಪಿಸುವಂಥದ್ದು ಯಾವುದೋ ಅದು. ಗೋಡೆಗೆ ಹಾಕುವ ಪುಟವಾದರೆ ಮಗು ನನ್ನ ಪಕ್ಕ ಕೂತು ಇಡಿಯಾಗಿ ತಿದ್ದಿ ಬರೆಯುತ್ತದೆ, ಏಕೆಂದರೆ ಆಗ ಓದುಗರು ಬೇರೆ. ಪರೀಕ್ಷೆಯ ಬರವಣಿಗೆಗೆ ಬೇರೆ ಪುಸ್ತಕ, ಅಲ್ಲಿ ಕಾಗುಣಿತದ ಲೆಕ್ಕ ಬಿಗಿ. ನಲವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ಎಂಟು ಪುಟ ಓದಿದರೆ ವಾರದಲ್ಲಿ ಎಲ್ಲರದೂ ಮುಗಿಯುತ್ತದೆ. ಹನ್ನೊಂದು ಕೆಂಪು ಗುರುತು ಹಾಕಲು ಬೇಕಾದ ಸಮಯಕ್ಕಿಂತ ಒಂದು ಪ್ರಶ್ನೆ ಬರೆಯಲು ಕಡಿಮೆ ಸಮಯ ಸಾಕು.

ಆ ಹುಡುಗಿಯ ವಿಷಯ. ಅವಳನ್ನು ಕರೆದು ಕ್ಷಮೆ ಕೇಳಿದರೆ ಇನ್ನಷ್ಟು ಮುದುಡಿಕೊಳ್ಳುತ್ತಾಳೆ ಎನಿಸಿತು. ನನ್ನ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ನಾನ ಎಂಬುದನ್ನು ನಾನು ಹೇಗೆ ನಾನು ಮಾಡಿದೆ, ಅವಸರ ನೋಡಿ ಹೇಗೆ ಅವಸರದಲ್ಲಿ ನಕ್ಕೆ ಎಂದು ಬರೆದೆ. ಅವಳ ಹೆಸರು ಹಾಕಲಿಲ್ಲ. ಎಂದಿನಂತೆ ಮೇಜಿನ ಮೇಲೆ ಬಿಟ್ಟೆ. ಯಾರು ಓದಿದರೋ ನೋಡಲಿಲ್ಲ. ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಅವಳ ಪುಟ ಉಳಿದ ಪುಸ್ತಕಗಳ ನಡುವೆ ಸೇರಿಕೊಂಡು ಬಂತು: 'ನಮ್ಮ ನಾನ (ಅಪ್ಪ) ರಾತ್ರಿ ಹೋಗುವಾಗ ಟಾರ್ಚು ಅವಶ್ಯಕ. ಹಾವು ಇದಾವೆ. ನಮ್ಮ ಟಾರ್ಚು ಕೆಟ್ಟಿದೆ. ಅದಕ್ಕೆ ಈಗ ಅವಸರವೂ ಹೌದು.'

ಅವಶ್ಯಕವೂ ಹೌದು, ಅವಸರವೂ ಹೌದು. ಎರಡು ಭಾಷೆಯ ಎರಡು ಅರ್ಥವನ್ನು ಅವಳು ಒಂದೇ ಪುಟದಲ್ಲಿ ಸರಿಯಾದ ಜಾಗದಲ್ಲಿ ಇಟ್ಟಿದ್ದಳು. ಕೆಳಗೆ ಬರೆದೆ: 'ಸೆಲ್ ಟಾರ್ಚಾ, ಚಾರ್ಜಿನದಾ? ತರುತ್ತೀಯಾ?' ಮರುದಿನ ತಂದಳು. ತರಗತಿಯಲ್ಲಿ ಬಿಚ್ಚಿದೆವು. ಸೆಲ್ ಮುಟ್ಟುವ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಮರಳುಕಾಗದದಲ್ಲಿ ಉಜ್ಜಿದ ಮೇಲೆ ಹತ್ತಿತು. ನನ್ನ ಪಾಠಯೋಜನೆಯಲ್ಲಿ ಇಲ್ಲದ ವಿದ್ಯುನ್ಮಂಡಲದ ಪಾಠ ಅಂದು ಆಯಿತು. ಎರಡು ದಿನದ ಮೇಲೆ ಟಾರ್ಚು ಮತ್ತೆ ಆರಿಹೋಯಿತು ಎಂದು ಅವಳೇ ಬರೆದಳು. ಅದರಲ್ಲಿ ಎರಡು ಕಾಗುಣಿತದ ತಪ್ಪಿದ್ದವು. ಒಂದನ್ನು ತಿದ್ದಿದೆ.

ಕೊನೆಯದಾಗಿ ಬೋಧಕರಿಗೂ ಸಹಪಾಠಿಗಳಿಗೂ ಒಂದು ಸಲಹೆ. ನಮ್ಮ ಬೋಧನಾಭ್ಯಾಸದ ದಿನಚರಿಯಲ್ಲಿ 'ಸಾಧಿಸಿದ ಉದ್ದೇಶ' ಎಂಬ ಅಂಕಣದ ಪಕ್ಕ ಇನ್ನೊಂದು ಅಂಕಣ ಇರಲಿ: 'ಇಂದು ನನಗೆ ಸಿಗದೆ ಹೋದ ಮಾತು'. ಈ ಗಡಿ ಸೀಮೆಯಲ್ಲಿ ಕಲಿಸುವ ಯಾವ ವಿಷಯದ ಶಿಕ್ಷಕರಿಗೂ ಅಲ್ಲಿ ಬರೆಯಲು ದಿನಕ್ಕೊಂದಾದರೂ ಸಿಗುತ್ತದೆ. ನೋಡುವವರು ಅದರ ಕೆಳಗೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಬರೆಯಲಿ. ನಮ್ಮ ಬರಹವನ್ನು ಒಬ್ಬರು ಹಾಗೆ ಓದಿದ ಅನುಭವ ನಮಗಿದ್ದರೆ, ಮಕ್ಕಳ ಬರಹವನ್ನು ಹಾಗೆ ಓದುವುದು ನಮಗೂ ಬಂದೀತು. ಮುಂದಿನ ತಂಡದವರು ಬೂದಿಕೋಟೆ ಕಡೆಗೆ ಹೋಗುವಾಗ ನನ್ನ ನೂರು ಪುಟದ ನೋಟ್‌ಬುಕ್ ಕೇಳಿ ಪಡೆಯಬಹುದು. ಇನ್ನೂ ಹದಿನೇಳು ಪುಟ ಖಾಲಿ ಇದೆ.